ಏನಂತೆ ಟವೆಲ್ಲು?

ನಮ್ಮ ಅತ್ತಿಗೆ ಬಟ್ಟೆಯ ಮಾತು ಕೇಳದೆ ಯಾವ ಬಟ್ಟೆಯನ್ನೂ ಮಡಿಸುತ್ತಿರಲಿಲ್ಲ.

ಹಗ್ಗದ ಮೇಲೆ ಒಣಗಿದ ಟವೆಲ್ಲನ್ನು ಒಳಗೆ ತಂದರೆ ಮೊದಲು ಎರಡು ಮೂಲೆ ಹಿಡಿದು ಎತ್ತುವಳು. ಕೆಳಗಿನ ಅಂಚನ್ನು ಮಂಚದ ಕಬ್ಬಿಣದ ಪಟ್ಟಿಗೆ ಒಮ್ಮೆ ಬಡಿಯುವಳು. ಆಮೇಲೆ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಸುಮ್ಮನೆ ನಿಲ್ಲುವಳು, ಒಂದು ಎರಡು ಎಣಿಸುವಷ್ಟು ಹೊತ್ತು. ಮಡಿಸುವುದು ಆಮೇಲೆ. ದಿಂಬಿನ ಚೀಲ, ಅಣ್ಣನ ಅಂಗಿ, ಪುಟ್ಟಿಯ ಫ್ರಾಕು, ಕೊನೆಗೆ ಕರ್ಚೀಫು ಕೂಡ ಈ ವಿಚಾರಣೆಯಿಂದ ಪಾರಾಗುತ್ತಿರಲಿಲ್ಲ.

"ಏನಂತೆ ಟವೆಲ್ಲು?" ಎಂದು ನಾನು ಕಿಚಾಯಿಸುತ್ತಿದ್ದೆ.

"ಮುಖ ಒರೆಸೋದು ನಿನ್ನ ನಾದಿನಿ, ಒಗೆಯೋದು ನೀನು, ಇದ್ಯಾವ ನ್ಯಾಯ ಅಂತ ಕೇಳ್ತಿದೆ."

"ನನ್ನ ಅಂಗಿ ಏನಂತೆ?" ಎಂದು ಅಣ್ಣ ಕೇಳಿದರೆ ಅವಳ ಬಳಿ ಅದಕ್ಕೂ ಉತ್ತರ ಸಿದ್ಧವಿರುತ್ತಿತ್ತು. "ಹೊಟ್ಟೆ ಕರಗಿಸು ಅಂತೆ. ಗುಂಡಿಗಳಿಗೆಲ್ಲ ಉಸಿರು ಕಟ್ತಿದೆಯಂತೆ."

ಅವರ ನಾಲ್ಕು ವರ್ಷದ ಮಗಳು ಪುಟ್ಟಿಯೂ ಇದನ್ನು ಕಲಿತಿದ್ದಳು. ಗೊಂಬೆಯ ಲಂಗವನ್ನು ನೆಲಕ್ಕೆ ಬಡಿದು, ತಲೆ ವಾಲಿಸಿ, "ಏನೂ ಇಲ್ವಂತೆ" ಎಂದು ಗಂಭೀರವಾಗಿ ಘೋಷಿಸುವಳು. ನಾವೆಲ್ಲ ನಗುತ್ತಿದ್ದೆವು. ಅತ್ತಿಗೆಗೆ ಅದೊಂದು ಚಟ ಎಂದು ಮನೆಯಲ್ಲಿ ಎಂದೋ ತೀರ್ಮಾನವಾಗಿ ಹೋಗಿತ್ತು. ಯಾಕೆ ಹಾಗೆ ಮಾಡುತ್ತೀಯ ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಅತ್ತಿಗೆಗೆ ಲಾಂಡ್ರಿಯಲ್ಲಿ ಕೆಲಸ. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ, ಮೂರು ದೊಡ್ಡ ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಅಲ್ಲಿ ವಿಂಗಡಣೆಯ ಮೇಜಿನ ಮುಂದೆ ಒಂಬತ್ತು ವರ್ಷದಿಂದ ನಿಂತಿದ್ದಳು.

"ದಿನವೆಲ್ಲ ಏನು ಮಾಡ್ತೀರಿ ಅಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಬೆಡ್‌ಶೀಟು ಒಂದು ಕಡೆ, ಗೌನು ಒಂದು ಕಡೆ, ಟವೆಲ್ಲು ಒಂದು ಕಡೆ. ನೀನು ಹೀಗೇ ತಲೆ ತಿಂತಾ ಕೂತ್ರೆ ನಿನ್ನ ತಲೇನೂ ಒಂದು ಕಡೆ."

ನಾನು ಅಷ್ಟಕ್ಕೇ ತೃಪ್ತಳಾದೆ. ಮನೆಯಲ್ಲಿ ನನ್ನ ಕೆಲಸಕ್ಕೆ ಹೆಸರಿತ್ತು. "ನಮ್ಮ ನಾದಿನಿ ಕಂಪ್ಯೂಟರಿಗೇ ಪಾಠ ಹೇಳ್ತಾಳೆ" ಎಂದು ಅತ್ತಿಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಳ್ಳುವಳು. ಅವಳ ಕೆಲಸಕ್ಕೆ ಹೆಸರಿರಲಿಲ್ಲ, ವಾಸನೆ ಇತ್ತು. ಬಂದವಳೇ ಮೊಣಕೈವರೆಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಪುಟ್ಟಿಯನ್ನು ಎತ್ತುತ್ತಿದ್ದಳು.

ಆ ವರ್ಷ ನಮ್ಮ ಕಂಪನಿಗೆ ಹೊಸ ಗಿರಾಕಿ ಸಿಕ್ಕಿತು. ಒಂದು ಲಾಂಡ್ರಿ. ಕೆಲಸಗಾರರು ಎಷ್ಟು ಹೊತ್ತು ದುಡಿಯುತ್ತಾರೆ, ಎಷ್ಟು ಹೊತ್ತು ದುಡಿಯುವುದಿಲ್ಲ ಎಂದು ಕ್ಯಾಮೆರಾ ನೋಡಿ ಹೇಳುವ ವ್ಯವಸ್ಥೆ ಅವರಿಗೆ ಬೇಕಿತ್ತು. ಹೆಸರು ನೋಡಿದೆ. ಅತ್ತಿಗೆಯ ಲಾಂಡ್ರಿಯೇ. ಗಿರಾಕಿಯ ಕಡೆ ನೆಂಟರಿದ್ದರೆ ಮೊದಲೇ ತಿಳಿಸಬೇಕು, ತಿಳಿಸಿದರೆ ಆ ಕೆಲಸದಿಂದ ಹೊರಗೆ, ಇದು ಕಂಪನಿಯ ನಿಯಮ. ನಾನು ತಿಳಿಸಲಿಲ್ಲ. ಐದು ಜನರ ತಂಡಕ್ಕೆ ಮೊದಲ ಬಾರಿ ನನ್ನನ್ನು ಮುಂದಾಳು ಮಾಡಿದ್ದರು. ಮನೆಯಲ್ಲೂ ಹೇಳಲಿಲ್ಲ. ಗುಟ್ಟು ಕಾಯಬೇಕೆಂದು ಸಹಿ ಹಾಕಿದ್ದೇನಲ್ಲ ಎಂಬ ನೆಪ ಇತ್ತು. ನೆಪ ಅಂತ ಈಗ ಅನ್ನುತ್ತಿದ್ದೇನೆ. ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ.

ಯಂತ್ರಕ್ಕೆ ಕಲಿಸುವುದೆಂದರೆ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅದರಲ್ಲಿ ಮಂತ್ರವೂ ಇಲ್ಲ, ಮಣ್ಣೂ ಇಲ್ಲ. ಪುಟ್ಟಿಗೆ ಇದು ಕಾಗೆ, ಇದು ಗುಬ್ಬಿ ಎಂದು ತೋರಿಸಿದ ಹಾಗೆ ಲಕ್ಷ ಸಲ ತೋರಿಸುವುದು, ಅಷ್ಟೆ. ಪುಟ್ಟಿಯಾದರೆ ಹತ್ತನೆಯ ಸಲಕ್ಕೆ "ಗುಬ್ಬಿ ಯಾಕೆ ಕಾಗೆ ಅಲ್ಲ?" ಎಂದು ತಿರುಗಿ ಕೇಳುತ್ತಾಳೆ. ಯಂತ್ರ ಕೇಳುವುದಿಲ್ಲ. ಅದಕ್ಕೇ ಮಾಲೀಕರಿಗೆ ಅದರ ಮೇಲೆ ಅಷ್ಟು ಪ್ರೀತಿ.

ನಮಗೆ ಬರುತ್ತಿದ್ದವು ನಾಲ್ಕು ನಾಲ್ಕು ಸೆಕೆಂಡಿನ ವಿಡಿಯೊ ತುಣುಕುಗಳು. ಮೇಲಿನಿಂದ ತೆಗೆದವು. ಟೋಪಿ, ಮಾಸ್ಕು, ಕೈಗವಸು, ಸ್ಟೀಲಿನ ಮೇಜು, ಬಟ್ಟೆಯ ಗುಡ್ಡೆ. ಧ್ವನಿ ಇರಲಿಲ್ಲ, ಧ್ವನಿ ತೆಗೆದರೆ ಕಡತ ಹಗುರ ಎಂದು ನಾವೇ ಬೇಡ ಅಂದಿದ್ದೆವು. ತುಣುಕು ನೋಡಿ ಗುಂಡಿ ಒತ್ತಬೇಕು. ಎಡಗೈ ಬೆರಳಿಗೆ 'ಕೆಲಸ', ಬಲಗೈ ಬೆರಳಿಗೆ 'ಕೆಲಸವಲ್ಲ'. ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟು ಸಾವಿರ ಎಂದು ಗುರಿ. ನಮ್ಮ ಪರದೆಯ ಮೂಲೆಯಲ್ಲೂ ಒಂದು ಅಂಕಿ ಏರುತ್ತಾ ಇಳಿಯುತ್ತಾ ಇರುತ್ತಿತ್ತು, ತೀರ ಇಳಿದರೆ ಕೆಂಪಾಗುತ್ತಿತ್ತು. ನಾವು ಎಷ್ಟು ನಿಧಾನ ಎಂದು ನಮಗೂ ಗೊತ್ತಾಗಲಿ ಎಂದು.

ಈ ಲೋಕದಲ್ಲಿ ದುಡಿಯುವ ಕೈ ಒಂದು ಕಡೆ ಇರುತ್ತದೆ, ಅದು ದುಡಿಮೆಯೇ ಎಂದು ತೀರ್ಮಾನಿಸುವ ಬೆರಳು ಆರನೆಯ ಮಹಡಿಯಲ್ಲಿ ಪರದೆ ಎಳೆದ ಕೋಣೆಯಲ್ಲಿರುತ್ತದೆ. ಆ ಬೆರಳಿಗೆ ಲಾಂಡ್ರಿಯ ವಾಸನೆ ಬರುವುದಿಲ್ಲ. ಕಾಫಿ ಯಂತ್ರದ ವಾಸನೆ ಬರುತ್ತದೆ.

ಮೂರನೆಯ ದಿನ ತಂಡದಲ್ಲಿ ಎಲ್ಲರಿಗಿಂತ ಹೊಸಬಳು, ನಾವು ಕನ್ನಡಕ ಎಂದು ಕರೆಯುತ್ತಿದ್ದವಳು, ಕುರ್ಚಿ ತಿರುಗಿಸಿದಳು.

"ಮೇಡಂ, ಇದನ್ನ ಏನಂತ ಹಾಕೋದು? ಬಟ್ಟೆ ಎತ್ತಿ ಮೇಜಿಗೆ ಬಡಿದು ಸುಮ್ನೆ ನಿಂತ್ಬಿಡ್ತಾರೆ. ಎಲ್ಲ ಮೇಜಲ್ಲೂ ಇದೆ. ಲಾಂಡ್ರಿಯವರನ್ನ ಒಂದು ಮಾತು ಕೇಳೋಣ್ವಾ?"

ಅವಳ ಪರದೆಯ ಮೇಲೆ ಒಂದು ಟೋಪಿ ಎಡಕ್ಕೆ ವಾಲಿ ನಿಂತಿತ್ತು. ಮುಖ ಕಾಣದಿದ್ದರೇನು, ಆ ವಾಲು ನನಗೆ ಗೊತ್ತಿಲ್ಲವೇ. ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಅದಾ? ನಮ್ಮನೇಲೂ ಒಬ್ರು ಹೀಗೇ ಮಾಡ್ತಾರೆ. ಅದೊಂದು ಚಟ. ದಿಂಬಿನ ಚೀಲಾನೂ ಬಿಡಲ್ಲ, ಬಡಿದು ಬಡಿದು ಅದರ ಹತ್ರ ಮಾತಾಡ್ತಾರೆ" ಎಂದೆ.

ಕೋಣೆಯೆಲ್ಲ ನಕ್ಕಿತು. ಕನ್ನಡಕ ಮಾತ್ರ, "ಇಪ್ಪತ್ತು ಜನಕ್ಕೂ ಅದೇ ಚಟಾನಾ?" ಎಂದಳು.

"ಒಬ್ಬರಿಂದ ಒಬ್ಬರಿಗೆ ಹತ್ತುತ್ತೆ, ಆಕಳಿಕೆ ಥರ. ಹಾಕು, ಕೆಲಸವಲ್ಲ."

ಅದು ನಮ್ಮ ಪಟ್ಟಿಯಲ್ಲಿ ಹನ್ನೊಂದನೆಯ ನಿಯಮವಾಯಿತು. 'ಬಟ್ಟೆಯನ್ನು ಮೇಜಿಗೆ ಬಡಿದು ನಿಲ್ಲುವುದು: ಕೆಲಸವಲ್ಲ.' ಮುಂದೆ ನನ್ನ ಹೆಸರಿನ ಮೊದಲ ಅಕ್ಷರ, ದಿನಾಂಕ. ಇಪ್ಪತ್ತು ಹೆಂಗಸರು ಒಂದೇ ರೀತಿ ತಲೆ ವಾಲಿಸಿದರೆ ಅದು ಚಟವಲ್ಲ, ವಿದ್ಯೆ ಎಂದು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ. ಅವರು ಇಪ್ಪತ್ತು ಇಂಜಿನಿಯರುಗಳಾಗಿದ್ದರೆ ನಾನು ಖಂಡಿತ ಕೇಳುತ್ತಿದ್ದೆ. ಅಂದು ಸಂಜೆ ಮನೆಗೆ ಹೋದಾಗ ಅತ್ತಿಗೆ ಮಂಚದ ಪಟ್ಟಿಗೆ ಟವೆಲ್ಲು ಬಡಿಯುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಒಂದು ಬಟ್ಟೆ ಬುಟ್ಟಿ ಮಾತ್ರ. ಆಗಲೂ ಕೇಳಲಿಲ್ಲ. ಏನಂತೆ ಟವೆಲ್ಲು ಎಂದೆ. ನಾಳೆ ಭಾನುವಾರ ಅಲ್ವಂತೆ ಅಂದಳು. ನಕ್ಕೆವು.

ಎರಡು ತಿಂಗಳಲ್ಲಿ ಲಾಂಡ್ರಿಯ ಪ್ರತಿ ಮೇಜಿನ ಮೇಲೂ ಒಂದೊಂದು ದೀಪ ಬಂತು. ಕೆಲಸವಾದರೆ ಹಸಿರು, ಅಲ್ಲದಿದ್ದರೆ ಕೆಂಪು. ಸಂಜೆ ಹೊತ್ತಿಗೆ ಯಾರ ಕೆಂಪು ಎಷ್ಟು ಎಂದು ಗೇಟಿನ ಹತ್ತಿರದ ಪರದೆಯಲ್ಲಿ ಕಾಣುತ್ತಿತ್ತು. ಅತ್ತಿಗೆ ಮನೆಯಲ್ಲಿ ಅದನ್ನೇ ನಟಿಸಿ ತೋರಿಸುವಳು. ಸೌಟು ಹಿಡಿದು ಒಂದು ಗಳಿಗೆ ನಿಂತರೆ, "ಏಯ್, ಕೆಂಪಾಯ್ತು!" ಎಂದು ತಾನೇ ಕೂಗಿಕೊಳ್ಳುವಳು. "ಸಿಂಕ್ ಹತ್ರ ಹೋದ್ರೆ ಕೆಂಪು, ಸೀನಿದ್ರೆ ಕೆಂಪು. ಅದನ್ನ ಮಾಡಿದೋನು ಕೈಗೆ ಸಿಗಲಿ, ಅವನ ಮುಖಾನೇ ಕೆಂಪು ಮಾಡ್ತೀನಿ."

"ಮಾಡಿದೋಳೂ ಇರಬಹುದಲ್ಲ" ಎಂದ ಅಣ್ಣ, ತಮಾಷೆಗೆ.

"ಹೆಂಗಸಾಗಿದ್ರೆ ಬಟ್ಟೆ ಒಗೆದು ಗೊತ್ತಿರುತ್ತೆ. ಹೀಗೆ ಮಾಡಲ್ಲ" ಎಂದಳು ಅತ್ತಿಗೆ.

ನಾನು ತಟ್ಟೆಯ ಕಡೆ ನೋಡಿಕೊಂಡು ತಿಂದೆ.

ಮೂರನೆಯ ವಾರ ಒಂದು ಸಂಜೆ ಅತ್ತಿಗೆ ಹಗ್ಗದಿಂದ ತಂದ ಟವೆಲ್ಲನ್ನು ನೆಟ್ಟಗೆ ಮಡಿಸಿ ಇಟ್ಟಳು. ಬಡಿಯಲಿಲ್ಲ, ವಾಲಲಿಲ್ಲ. ಇನ್ನೊಂದು ತೆಗೆದಳು, ಮಡಿಸಿದಳು. ಪುಟ್ಟಿ ಕಾದು ಕಾದು, "ಅಮ್ಮಾ, ಏನಂತೆ?" ಎಂದಳು.

"ಏನೂ ಇಲ್ಲ ಕಣೆ. ಕೇಳೋಕೆ ಪುರುಸೊತ್ತಿಲ್ಲ."

"ಯಾಕತ್ತಿಗೆ, ಟವೆಲ್ಲಿನ ಜೊತೆ ಮಾತು ಬಿಟ್ರಾ?" ಎಂದು ನಾನೂ ಕೇಳಿದೆ.

"ಅಲ್ಲಿ ಬಿಟ್ಟ ಮೇಲೆ ಕೈ ಇಲ್ಲೂ ಮರೀತಿದೆ. ಬಡಿದು ನಿಂತ್ರೆ ದೀಪ ಕೆಂಪಾಗುತ್ತೆ. ಒಂದು ದಿನಕ್ಕೆ ಎಂಟುನೂರು ಬಟ್ಟೆ ಬರುತ್ತೆ, ಎಂಟುನೂರು ಸಲ ಕೆಂಪು. ಗೇಟಲ್ಲಿ ನನ್ನ ನಂಬರೇ ಕೊನೇಲಿ. ಎಲ್ಲರೂ ಬಿಟ್ರು. ನಮ್ಮಲ್ಲಿ ಹಿರೀಳು ಕಿವಿಯಕ್ಕ ಒಬ್ಬಳು ಹಟಕ್ಕೆ ಮಾಡ್ತಿದ್ದಾಳೆ, ಅವಳಿಗೆ ನೋಟಿಸು ಬಂದಿದೆ."

"ಬಡಿಯೋದು ಯಾಕೆ ಮತ್ತೆ?"

ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ. ಅತ್ತಿಗೆ ಮುಖವೆತ್ತಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. "ಸೂಜಿ ಇರುತ್ತಲ್ಲೇ. ಇಂಜೆಕ್ಷನ್ ಕೊಟ್ಟು ಹಾಸಿಗೆ ಮೇಲೇ ಬಿಟ್ಟಿರ್ತಾರೆ, ಬೆಡ್‌ಶೀಟಲ್ಲಿ ಸುತ್ಕೊಂಡು ಬಂದ್ಬಿಡುತ್ತೆ. ಸ್ಟೀಲಿಗೆ ಬಡಿದ್ರೆ ಟಿಣ್ ಅನ್ನುತ್ತೆ. ಕಣ್ಣಿಗೆ ಕಾಣಲ್ಲ, ಕಿವಿಗೇ ಸಿಗೋದು. ಕಿವಿಯಕ್ಕ ನಮಗೆಲ್ಲ ಹೇಳಿಕೊಟ್ಟಿದ್ದು."

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದವಳೇ ದೂರು ಬರೆದೆ. 'ಹನ್ನೊಂದನೆಯ ನಿಯಮ ತಪ್ಪು. ತಿದ್ದಬೇಕು.' ಎಷ್ಟು ತುರ್ತು ಎಂಬ ಜಾಗದಲ್ಲಿ ಮೂರು ಆಯ್ಕೆ ಇದ್ದವು. ತಕ್ಷಣ, ಮಧ್ಯಮ, ಸಾವಕಾಶ. ತಕ್ಷಣ ಎಂದು ಹಾಕಿದರೆ ಆ ಗಳಿಗೆಯೇ ಸಭೆ ಸೇರುತ್ತಾರೆ. ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಅತ್ತಿಗೆ ಹೇಳಿದಳು ಅನ್ನಬೇಕಾಗುತ್ತದೆ. ನಾನು ಮಧ್ಯಮ ಎಂದು ಹಾಕಿದೆ.

ನಮ್ಮ ಮೇಲಿನವನಿಗೆ ನಾವಿಟ್ಟ ಹೆಸರು ಮುಂದಿನ್ವಾರ. ಅವನ ಬಾಯಲ್ಲಿ ಬೇರೆ ವಾರವೇ ಬರುತ್ತಿರಲಿಲ್ಲ. "ಒಳ್ಳೇ ಪಾಯಿಂಟು. ಆದ್ರೆ ಈ ನಿಯಮ ತೆಗೆದ್ರೆ ಮತ್ತೆ ಮೊದಲಿಂದ ಕಲಿಸಬೇಕು, ಗಿರಾಕಿಗೆ ತೋರಿಸಿದ ಉಳಿತಾಯ ಎಲ್ಲ ಅದರಿಂದಾನೇ ಬಂದಿರೋದು. ಮುಂದಿನ ವಾರ ನೋಡೋಣ" ಎಂದ.

ಮುಂದಿನ ವಾರ ಬಂತು. "ಮುಂದಿನ ವಾರ" ಎಂದ. ನಾನು ಹೂಂ ಅಂದೆ. ಮನೆಯಲ್ಲಿ ಅತ್ತಿಗೆಗೆ, "ನಾಜೂಕಾಗಿ ಹಿಡೀರಿ" ಎಂದು ಹೇಳಿದೆ. ಅದು ನಾನು ಕೈಗೊಂಡ ಸುರಕ್ಷತಾ ಕ್ರಮ.

ಹನ್ನೊಂದು ದಿನ. ಹನ್ನೆರಡನೆಯ ದಿನ ಮಧ್ಯಾಹ್ನ ಅಣ್ಣ ಫೋನು ಮಾಡಿದ. ಅವನು ಬಸ್ಸು ಓಡಿಸುವವನು, ಡ್ಯೂಟಿಯ ಮೇಲೆ ಫೋನು ಮುಟ್ಟುವವನಲ್ಲ.

"ನಿಮ್ಮತ್ತಿಗೆ ಕೈಗೆ ಸೂಜಿ ಹೊಕ್ಕಿದೆಯಂತೆ. ಹೆಬ್ಬೆರಳಿನ ಬುಡದಲ್ಲಿ, ಗವಸು ಹರ್ಕೊಂಡು. ಯಾರಿಗೆ ಚುಚ್ಚಿದ್ದು, ಯಾವ ಕಾಯಿಲೆಯವರದ್ದು ಒಂದೂ ಗೊತ್ತಿಲ್ಲವಂತೆ. ನಾನು ಗಾಡಿ ಡಿಪೋಗೆ ಬಿಟ್ಟು ಬರಬೇಕು. ನೀನು ಬೇಗ ಹೋಗು."

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಿಗೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೂತಿದ್ದಳು, ಆ ಕೈ ಇನ್ನೊಬ್ಬರದ್ದು ಎಂಬಂತೆ. ಇಪ್ಪತ್ತೆಂಟು ದಿನ ಮಾತ್ರೆ. ಈಗೊಮ್ಮೆ ರಕ್ತ ಪರೀಕ್ಷೆ, ಆರು ವಾರದ ಮೇಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ. ಮೂರನೆಯದು ಬರುವ ತನಕ ಏನೂ ಹೇಳಲಾಗದು ಎಂದರು ಡಾಕ್ಟರು.

"ಬಡಿದಿದ್ರೆ ಕೇಳಿಸ್ತಿತ್ತು" ಎಂದಳು ಅತ್ತಿಗೆ, ಡಾಕ್ಟರಿಗೂ ಅಲ್ಲ, ನನಗೂ ಅಲ್ಲ.

ಮಾತ್ರೆಯಿಂದ ಅವಳಿಗೆ ವಾಂತಿ. ತನ್ನ ಲೋಟ, ತನ್ನ ತಟ್ಟೆ ಬೇರೆ ಮಾಡಿಕೊಂಡಳು. ಹಾಗೆಲ್ಲ ಹರಡುವುದಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಆದರೂ ಪುಟ್ಟಿ ಮುತ್ತು ಕೊಡಲು ಬಂದರೆ ಕೆನ್ನೆ ತಿರುಗಿಸಿ ನೆತ್ತಿ ಒಡ್ಡುವಳು. ಪುಟ್ಟಿ ನನ್ನ ಹತ್ತಿರ ಬಂದು, "ಅತ್ತೆ, ಅಮ್ಮಂಗೆ ನನ್ನ ಮೇಲೆ ಸಿಟ್ಟಾ?" ಎಂದಳು.

ಒಂದು ವಾರಕ್ಕೆ ಲಾಂಡ್ರಿಯಿಂದ ಕಾಗದ ಬಂತು. ಸುರಕ್ಷತಾ ಕ್ರಮ ಪಾಲಿಸದೆ ಅಪಘಾತ ತಂದುಕೊಂಡ ಬಗ್ಗೆ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸವೂ ಇಲ್ಲ, ಚಿಕಿತ್ಸೆಯ ಹೊಣೆಯೂ ಕಂಪನಿಯದ್ದಲ್ಲ. ಅದೇ ದಿನ ಮುಂದಿನ್ವಾರ ನನ್ನ ಮೇಜಿನ ಹತ್ತಿರ ಬಂದ. ಅವನ ಬಾಯಲ್ಲಿ ಮೊದಲ ಸಲ ಬೇರೆ ಪದ ಬಂತು.

"ನಾಳೆ ಲಾಂಡ್ರಿಗೆ ಹೋಗ್ಬೇಕು ನೀನು. ಏನೋ ಆಕ್ಸಿಡೆಂಟಂತೆ. ಏಳನೇ ಮೇಜಿನ ಹದಿನಾಲ್ಕು ಸೆಕೆಂಡಿನ ವಿಡಿಯೊ ತೋರಿಸಿ ಬಾ. ಬೇರೇನೂ ಮಾತಾಡೋದು ಬೇಡ."

ಆ ಹದಿನಾಲ್ಕು ಸೆಕೆಂಡನ್ನು ನಾನೇ ಹುಡುಕಿ ತೆಗೆದೆ. ಅತ್ತಿಗೆ ಬೆಡ್‌ಶೀಟು ಎತ್ತುತ್ತಾಳೆ, ಬಡಿಯದೆ ಗಾಡಿಗೆ ಹಾಕುತ್ತಾಳೆ, ಇನ್ನೊಂದು ಎತ್ತುತ್ತಾಳೆ, ಕೈ ಕೊಡವುತ್ತಾಳೆ, ಗವಸು ಕಿತ್ತು ಎಸೆಯುತ್ತಾಳೆ. ಬಡಿದರೆ ತಪ್ಪು ಎಂದು ಹೇಳಿದ ಯಂತ್ರವೇ ಈಗ, ಇವಳು ಬಡಿಯಲಿಲ್ಲ ನೋಡಿ ಎಂದು ಸಾಕ್ಷಿ ಹೇಳುತ್ತಿತ್ತು. ಎರಡು ನಾಲಗೆಯ ಮನುಷ್ಯನನ್ನು ಕಂಡರೆ ಉಗಿಯುತ್ತೇವೆ. ಯಂತ್ರವಾದರೆ ಅದಕ್ಕೆ ವರದಿ ಎಂದು ಹೆಸರಿಡುತ್ತೇವೆ. ಬೈಯಲು ನನಗೆ ಅಧಿಕಾರವೂ ಇರಲಿಲ್ಲ, ಆ ನಾಲಗೆಗೆ ಮಾತು ಕಲಿಸಿದವಳು ನಾನು. ನಿಯಮಗಳ ಪಟ್ಟಿಯನ್ನೂ ನಾನು ಬರೆದ ದೂರನ್ನೂ ಮುದ್ರಿಸಿ ಚೀಲದಲ್ಲಿಟ್ಟುಕೊಂಡೆ. ಹೊರಗೆ ತೆಗೆಯುವೆನೆಂಬ ಭರವಸೆ ನನಗೇ ಇರಲಿಲ್ಲ.

ವಿಂಗಡಣೆಯ ಹಾಲಿಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಆ ಮೇಜುಗಳನ್ನು ಮೇಲಿನಿಂದ ಅಷ್ಟು ಸಾವಿರ ಸಲ ನೋಡಿದ್ದೆ, ಆದರೆ ಅವು ನನ್ನ ಸೊಂಟಕ್ಕಿಂತ ಎತ್ತರ ಎಂದು ಗೊತ್ತಿರಲಿಲ್ಲ. ಶಾಖ ಗೊತ್ತಿರಲಿಲ್ಲ, ರಕ್ತ ಮತ್ತು ಔಷಧಿಯ ವಾಸನೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ಕ್ಯಾಮೆರಾ ಇತ್ತು. ಅದರ ಸರಿಯಾಗಿ ಕೆಳಗೆ, ಅದರ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಒಂದು ಹಳೆಯ ತಗಡಿನ ಫಲಕ. ಕೆಂಪು ಅಕ್ಷರದಲ್ಲಿ ಬರೆದಿತ್ತು: 'ಪ್ರತಿ ಬಟ್ಟೆಯನ್ನೂ ಮೇಜಿಗೆ ಬಡಿದು ಕೇಳಿ. ಕೇಳಿದ ಮೇಲೆ ಹಾಕಿ.'

ಬಾಗಿಲ ಹತ್ತಿರ ಅತ್ತಿಗೆ ಕೂತಿದ್ದಳು, ಪಕ್ಕದಲ್ಲಿ ನೆರೆಗೂದಲಿನ ದಪ್ಪ ಹೆಂಗಸು. ನನ್ನನ್ನು ಕಂಡೊಡನೆ ಅತ್ತಿಗೆಯ ಮುಖ ಅರಳಿತು. ಸೂಜಿ ಚುಚ್ಚಿದ ಮೇಲೆ ಮೊದಲ ಸಲ.

"ಬಂದ್ಯಾ? ರಜಾ ಹಾಕಿ ಬಂದ್ಯಾ ನನಗೋಸ್ಕರ? ಕಿವಿಯಕ್ಕ, ಇವಳೇ ನಮ್ಮ ನಾದಿನಿ, ಹೇಳ್ತಿದ್ನಲ್ಲ. ಲ್ಯಾಪ್‌ಟಾಪ್ ಬೇರೆ ತಂದಿದ್ದಾಳೆ. ಇನ್ನು ಇವರ ಆಟ ನಡಿಯಲ್ಲ ಬಿಡು."

ಕಿವಿಯಕ್ಕ ನನ್ನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿದಳು. ಆಮೇಲೆ ಮೇಜಿನ ಮೇಲಿನ ದೀಪದ ಡಬ್ಬಿಯನ್ನು ನೋಡಿದಳು. ಎರಡರ ಮೇಲೂ ಒಂದೇ ಗುರುತು.

ವಿಚಾರಣೆ ಆ ಹಾಲಿನಲ್ಲೇ, ಒಂದು ಮೇಜಿನ ಸುತ್ತ. ಮ್ಯಾನೇಜರು ಒಳ್ಳೆಯ ಇಸ್ತ್ರಿಯ ಅಂಗಿ ತೊಟ್ಟಿದ್ದರು. ನನ್ನನ್ನು ತಮ್ಮ ಪಕ್ಕದ ಕುರ್ಚಿಗೆ ಕರೆದು, "ಇವರು ಸಿಸ್ಟಮ್ ಮಾಡಿದ ಕಂಪನಿಯವರು, ವಿಡಿಯೊ ತೋರಿಸ್ತಾರೆ" ಎಂದರು. ಅತ್ತಿಗೆಯ ಮುಖದ ನಗು ತಕ್ಷಣ ಆರಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ತುಟಿಯ ಮೇಲೆ ನಿಂತಿತ್ತು.

ಹದಿನಾಲ್ಕು ಸೆಕೆಂಡು ಓಡಿತು.

"ಎಲ್ಲಮ್ಮ ಬಡಿದೆ? ಬೋರ್ಡು ಹಾಕಿದ್ದೀವಿ, ತರಬೇತಿ ಕೊಟ್ಟಿದ್ದೀವಿ. ಬಡಿದು ಕೇಳಿ ಅಂತ ಎಷ್ಟು ಸ್ಪಷ್ಟವಾಗಿ ಬರೆದಿದೆ" ಎಂದರು ಮ್ಯಾನೇಜರು.

"ಬಡಿದ್ರೆ ದೀಪ ಕೆಂಪಾಗುತ್ತಲ್ಲ ಸಾರ್. ಅದಕ್ಕೇ ಎಲ್ಲರೂ ಬಿಟ್ವಿ" ಎಂದಳು ಅತ್ತಿಗೆ. ಅವಳ ದನಿ ಕೇಳಿಯೂ ಕೇಳದಷ್ಟು ಸಣ್ಣದಾಗಿತ್ತು.

"ಎಲ್ಲರ ಮಾತು ಬೇಡ. ಬಡೀಬೇಡ ಅಂತ ನಿನಗೆ ಯಾರು ಹೇಳಿದ್ರು? ನಾನು ಹೇಳಿದ್ನಾ? ಸೂಪರ್‌ವೈಸರ್ ಹೇಳಿದ್ರಾ? ಒಬ್ಬರನ್ನ ತೋರಿಸು ನೋಡೋಣ."

ಕಿವಿಯಕ್ಕ ಎದ್ದಳು. ಮಡಿಲ ಚೀಲದಿಂದ ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು ಮ್ಯಾನೇಜರರ ಮುಂದೆ ಕುಕ್ಕಿದಳು. ತುಂಬ ಸೂಜಿ. "ಇಷ್ಟು ವರ್ಷ ನಾನು ಕೇಳಿ ಕೇಳಿ ತೆಗೆದಿದ್ದು. ಒಂದೊಂದೂ ಇವರಲ್ಲಿ ಒಬ್ಬರ ಕೈಗೆ ಹೋಗಬೇಕಿತ್ತು. ನನಗೆ ನೋಟಿಸು ಕೊಟ್ರಲ್ಲ ಸ್ವಾಮಿ, ಬಡಿದಿದ್ದಕ್ಕೆ. ಇವಳಿಗೆ ಬಡೀಲಿಲ್ಲ ಅಂತ ವಿಚಾರಣೆ. ನಾವು ಯಾವುದನ್ನ ಮಾಡಿ ಸಾಯೋಣ, ಅದನ್ನಾದ್ರೂ ಬೋರ್ಡಲ್ಲಿ ಬರೀರಿ."

"ನೋಟಿಸು ನಾನು ಕೊಟ್ಟಿದ್ದಲ್ಲಮ್ಮ, ಸಿಸ್ಟಮ್ಮು ಕೊಟ್ಟಿದ್ದು. ಕಂಪ್ಯೂಟರಿಗೆ ನಿಮ್ಮ ಮೇಲೇನು ಹಗೆ? ಯಾರೂ ಬಡೀಬೇಡಿ ಅಂದಿಲ್ಲ ಇಲ್ಲಿ."

"ನಾನು ಅಂದಿದ್ದೀನಿ" ಎಂದೆ.

ಮ್ಯಾನೇಜರು ನನ್ನ ಕಡೆ ತಿರುಗಿದರು. ನಿಯಮಗಳ ಹಾಳೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ವಿಡಿಯೊವನ್ನು ಅತ್ತಿಗೆಯ ಕೈಗೆ ಸೂಜಿ ಹೊಕ್ಕ ಗಳಿಗೆಗೆ ನಿಲ್ಲಿಸಿದೆ. "ಮೇಲೆ ದೀಪ ನೋಡಿ. ಹಸಿರು. ಅವರಿಗೆ ಚುಚ್ಚಿದ ಹೊತ್ತಲ್ಲಿ ನಮ್ಮ ಯಂತ್ರ ಅದನ್ನ ಒಳ್ಳೇ ಕೆಲಸ ಅಂತಿತ್ತು. ಹಾಗೆ ಅನ್ನು ಅಂತ ಹೇಳಿಕೊಟ್ಟೋಳು ನಾನು. ಹನ್ನೊಂದನೇ ನಿಯಮ. ನನ್ನ ಅಕ್ಷರ, ನನ್ನ ದಿನಾಂಕ. ಯಾಕೆ ಬಡೀತಾರೆ ಅಂತ ನಾನು ಯಾರನ್ನೂ ಕೇಳಲಿಲ್ಲ. ಚಟ ಅಂದೆ. ನಮ್ಮನೇಲಿ ಇವರು ಟವೆಲ್ಲು ಬಡಿಯೋದನ್ನ ನೋಡಿ ಚಟ ಅಂದೆ. ಇವರು ನಮ್ಮತ್ತಿಗೆ."

ಮ್ಯಾನೇಜರು ಬಾಯಿ ತೆರೆದರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಎರಡನೆಯ ಹಾಳೆ ಒಳಗೇ ಉಳಿಯುತ್ತಿತ್ತು. "ಇದು ದೂರು. ಸೂಜಿ ವಿಷಯ ಗೊತ್ತಾದ ಮೇಲೆ ಬರೆದಿದ್ದು. ತಕ್ಷಣ ಅಂತ ಹಾಕಬೇಕಿತ್ತು, ಮಧ್ಯಮ ಅಂತ ಹಾಕಿದೆ. ನೆಂಟರು ಇರೋದು ಬಯಲಾಗುತ್ತೆ ಅಂತ. ಅದಾಗಿ ಹನ್ನೆರಡನೇ ದಿನ ಇವರಿಗೆ ಸೂಜಿ ಚುಚ್ಚಿದ್ದು."

ಕಿವಿಯಕ್ಕ ಮೂಲೆಯ ರಾಶಿಯಿಂದ ಒಗೆದ ಬೆಡ್‌ಶೀಟೊಂದನ್ನು ಎತ್ತಿಕೊಂಡಳು, ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಸೂಜಿಯನ್ನು ಅದರ ಮಡಿಕೆಯೊಳಗೆ ಉದುರಿಸಿದಳು. ಎರಡು ಮೂಲೆ ಹಿಡಿದು ಎತ್ತಿ ಸ್ಟೀಲಿನ ಮೇಜಿಗೆ ಬಡಿದಳು.

ಟಿಣ್.

ಇಷ್ಟು ಸಣ್ಣ ಸದ್ದು. ಆ ಲಕ್ಷ ತುಣುಕುಗಳಲ್ಲಿ ಇದೊಂದು ಇರಲಿಲ್ಲ.

"ಕೇಳಿಸ್ತಾ ತಾಯಿ?" ಎಂದಳು ಕಿವಿಯಕ್ಕ ನನ್ನನ್ನು. "ಕ್ಯಾಮೆರಾಗೆ ಕಿವಿ ಇಲ್ಲ, ಸರಿ. ನಿಂಗಿತ್ತಲ್ಲ?"

ಅತ್ತಿಗೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಅಕ್ಷರವಿದ್ದ ಹಾಳೆಯನ್ನು ನೋಡುತ್ತಿದ್ದಳು. "ಎಷ್ಟು ಹೊತ್ತು ಬೇಕಾಯ್ತು ನಿಂಗೆ?" ಎಂದಳು. "ನನ್ನ ಕೈ ನೋಡಿ, ಅದು ಕೆಲಸ ಅಲ್ಲ ಅಂತ ಹೇಳೋಕೆ."

"ಒಂದಕ್ಕೆ ಎರಡು ಸೆಕೆಂಡು, ತುಣುಕು ಮುಗಿಯೋ ಮುಂಚೇನೇ" ಎಂದೆ. "ಜಾಸ್ತಿ ತಗೊಂಡ್ರೆ ನಮ್ಮ ಪರದೇಲೂ ಕೆಂಪಾಗ್ತಿತ್ತು."

"ಓ. ನಿಂಗೂ ದೀಪ ಇತ್ತು" ಎಂದಳು ಅತ್ತಿಗೆ. ಕರುಣೆಯಿಂದಲೋ ತಿರಸ್ಕಾರದಿಂದಲೋ ಇವತ್ತಿಗೂ ನನಗೆ ತಿಳಿದಿಲ್ಲ.

ವಿಚಾರಣೆ ಅಲ್ಲಿಗೆ ನಿಂತಿತು. ಮೂರು ದಿನದ ಮೇಲೆ ಕಾಗದ ಬಂತು, ಅತ್ತಿಗೆಯದ್ದು ತಪ್ಪಿಲ್ಲ ಎಂದು. ಚಿಕಿತ್ಸೆಯ ಖರ್ಚು ಲಾಂಡ್ರಿಯದ್ದು, ಕೆಲಸ ಉಳಿಯಿತು, ಕಿವಿಯಕ್ಕನ ನೋಟಿಸು ಹೋಯಿತು, ದೀಪಗಳನ್ನು ಸದ್ಯಕ್ಕೆ ಆರಿಸಿದರು. ಸದ್ಯಕ್ಕೆ. ಮುಂದಿನ್ವಾರ ಫೋನಿನಲ್ಲಿ ಕೂಗಾಡಿದ. "ಯಂತ್ರದ ಮಿತಿ ಅಂತ ಒಂದು ಮಾತು ಹೇಳಿ ಮುಗಿಸಬಹುದಿತ್ತಲ್ಲ! ನಿನ್ನ ಹೆಸರು ಯಾಕೆ ತಂದೆ? ತಂಡ ಅನ್ನಬಹುದಿತ್ತು." ತಂಡ ಅಂದರೆ ಯಾರೂ ಅಲ್ಲ. ಯಂತ್ರ ಅಂದರೆ ಇನ್ನೂ ಯಾರೂ ಅಲ್ಲ. ಈ ಯಾರೂ ಅಲ್ಲದವನು ದಿನಾ ಎಷ್ಟು ಕೈಗಳಿಗೆ ಚುಚ್ಚುತ್ತಾನೋ. ನನ್ನ ಗುರುತಿನ ಚೀಟಿಯನ್ನು ಆಫೀಸಿನ ಗೇಟಿನಲ್ಲೇ ತೆಗೆದುಕೊಂಡರು.

ನಿಜ ಹೇಳಿದೆನಲ್ಲ, ಹಗುರವಾಗಬೇಕಿತ್ತು. ಆಗಲಿಲ್ಲ. ನಾನು ಹೇಳಿದ್ದರಿಂದ ಅತ್ತಿಗೆಯ ಕೆಲಸ ಉಳಿಯಿತೇ ಹೊರತು ಹೆಬ್ಬೆರಳಿನ ಬುಡದ ಆ ಚುಕ್ಕೆ ಹೊರಗೆ ಬರಲಿಲ್ಲ. ಆರು ವಾರದ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದರು. ಮೂರು ತಿಂಗಳಿನದ್ದು ಇನ್ನೂ ಬಾಕಿ ಇದೆ.

ಮನೆಯಲ್ಲಿ ಅತ್ತಿಗೆ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಊಟಕ್ಕೆ ಬಾ ಅನ್ನುವಳು, ಹೊಸ ಕೆಲಸ ಸಿಕ್ಕಿತೇ ಅನ್ನುವಳು. ಜೋಕು ಮಾತ್ರ ಮಾಡುತ್ತಿರಲಿಲ್ಲ. ಮೊದಲಿನ ಹಾಗೆ ಕಿಚಾಯಿಸುತ್ತಿರಲಿಲ್ಲ. ಒಂದು ದಿನ ಅಣ್ಣ ತಡೆಯಲಾರದೆ, "ಒಂದು ಸಲ ಬೈದುಬಿಡು ಮಾರಾಯ್ತಿ ಅವಳನ್ನ" ಎಂದ. "ಬೈಯೋಕೆ ಅವಳೇನು ಹಾಲು ಚೆಲ್ಲಿದ್ದಾಳಾ?" ಎಂದಳು.

ಇವತ್ತು ಸಂಜೆ ಹಗ್ಗದಿಂದ ಬಟ್ಟೆ ತಂದು ಬುಟ್ಟಿಯನ್ನು ಮಂಚದ ಹತ್ತಿರ ಇಟ್ಟಳು. ಕೂರಲಿಲ್ಲ. ಮೇಲಿನ ಟವೆಲ್ಲನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಬಡಿ."

ನಾನು ಎರಡು ಮೂಲೆ ಹಿಡಿದು ಮಂಚದ ಪಟ್ಟಿಗೆ ಬಡಿದು ಮಡಿಸಹೊರಟೆ.

"ಕೇಳಲೇ ಇಲ್ಲ. ನಿಲ್ಲು. ತಲೆ ವಾಲಿಸು. ಒಂದು, ಎರಡು. ಹಾಂ, ಈಗ ಮಡಿಸು." ಅವಳು ಕೈಕಟ್ಟಿಕೊಂಡು ನೋಡುತ್ತಿದ್ದಳು. "ಇದು ಕೆಲಸಾನಾ ಅಲ್ವಾ?"

"ಕೆಲಸ" ಎಂದೆ.

"ಇನ್ನೊಂದು."

ಬಡಿದೆ, ನಿಂತೆ, ಕೇಳಿದೆ. "ಕೆಲಸ."

"ಇನ್ನೊಂದು."

ಹತ್ತಕ್ಕೆ ತೋಳು ನೋಯತೊಡಗಿತು. ಎಂಟುನೂರು ಎಷ್ಟೆಂದು ತಿಳಿಯತೊಡಗಿತು. ಅತ್ತಿಗೆ ಕೂರಲೂ ಇಲ್ಲ, ಸಾಕು ಅನ್ನಲೂ ಇಲ್ಲ. ಬುಟ್ಟಿಯ ತಳದಲ್ಲಿ ಪುಟ್ಟಿಯ ಫ್ರಾಕುಗಳಿದ್ದವು. ಆಟ ಬಿಟ್ಟು ಓಡಿ ಬಂದ ಪುಟ್ಟಿ, ಇಷ್ಟು ದಿನ ನಿಂತುಹೋಗಿದ್ದ ಆಟ ಮತ್ತೆ ಶುರುವಾಯಿತೆಂದು ಹಿಗ್ಗಿ, ನನ್ನ ಮೊಣಕಾಲಿಗೆ ಜೋತುಬಿದ್ದಳು.

"ಅತ್ತೆ, ಅತ್ತೆ! ಏನಂತೆ ನನ್ನ ಫ್ರಾಕು?"

ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಉತ್ತರ ಹೇಳಿಕೊಡಲಿಲ್ಲ. ಬಲಗೈಯ ಹೆಬ್ಬೆರಳಿನ ಬುಡವನ್ನು ಎಡಗೈಯಿಂದ ಮೆಲ್ಲಗೆ ಉಜ್ಜಿಕೊಳ್ಳುತ್ತಾ ಬುಟ್ಟಿಯಲ್ಲಿ ಉಳಿದ ಬಟ್ಟೆಯ ಕಡೆ ಕಣ್ಣು ತೋರಿಸಿದಳು.

"ಇರು ಪುಟ್ಟಿ, ಇನ್ನೂ ಕೇಳ್ತಿದ್ದೀನಿ" ಎಂದೆ. ತಲೆ ವಾಲಿಸಿ ನಿಂತೆ.